ಒಂದು ತಪ್ಪಿಗೆ ಎರಡು ಕಾಣಿಕೆ

ನನ್ನ ಬಾಯಿ ಬೊಂಬಾಯಿ ಎಂದು ಮಂಗಳೂರಿನ ಬೋಳಾರದಲ್ಲಿ ಕೇಳಿದರೆ ಯಾರು ಬೇಕಾದರೂ ಹೇಳುತ್ತಾರೆ. ಗೇರುಬೀಜದ ಕಾರ್ಖಾನೆಯಲ್ಲಿ ಹತ್ತು ವರ್ಷ ಬೀಜ ಒಡೆದವಳು ನಾನು, ವಾರಿಜಾಕ್ಷಿ. ಕೈಗೆ ಹತ್ತಿದ ಕಪ್ಪು ಹೋಗಲಿಲ್ಲ, ಬಾಯಿಗೆ ಹತ್ತಿದ ಖಾರವೂ ಹೋಗಲಿಲ್ಲ. ಆ ಬಾಯಿಯಿಂದ ನನ್ನ ತಮ್ಮ ಬೋಜನಿಗೆ ಆದ ಕೇಡನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಸರಿ ಮಾಡಿದವರು ಯಾರು ಎಂಬುದನ್ನು ಹೇಳುವುದಕ್ಕೇ ಇಷ್ಟು ಬರೆಯಲು ಕುಳಿತದ್ದು. ಮಿಶನ್ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಕಲಿತದ್ದು ಇಂಥದಕ್ಕಾದರೂ ಬೇಡವೆ?

ಬೋಜ ಹೊಯ್ಗೆಬಜಾರಿನ ಹಂಚಿನ ಕಾರ್ಖಾನೆಯಲ್ಲಿ ಪ್ರೆಸ್ಸಿನ ಕೆಲಸಕ್ಕಿದ್ದ. ದೋಣಿಯಲ್ಲಿ ಬಂದ ಆವೆಮಣ್ಣನ್ನು ಅರೆದು ಹದ ಮಾಡಿ, ಹಲಗೆಯಂತೆ ಕತ್ತರಿಸಿ, ಪ್ರೆಸ್ಸಿನ ಅಚ್ಚಿನ ಮೇಲೆ ಇಡಬೇಕು. ಮೇಲಿನ ಅಚ್ಚು ಇಳಿದು ಒತ್ತಿದರೆ ಹಂಚು. ಒತ್ತಿದ ಮೇಲೆ ಅಂಚಿನಲ್ಲಿ ಉಳಿದ ಮಣ್ಣನ್ನು ಕೈಯಿಂದ ತೆಗೆಯಬೇಕು. ದಿನಕ್ಕೆ ಸಾವಿರ ಸಲ ಅವನ ಬಲಗೈ ಆ ಎರಡು ಕಬ್ಬಿಣಗಳ ನಡುವೆ ಹೋಗಿ ಬರುತ್ತಿತ್ತು. ೧೯೩೪ನೆಯ ಇಸವಿಯಲ್ಲಿ, ಸುಗ್ಗಿ ತಿಂಗಳು ಹಿಡಿಯುವ ಮೊದಲು, ಮಾರ್ಚಿನ ಒಂದು ಬೆಳಗ್ಗೆ ಹೋದ ಕೈ ಬರಲಿಲ್ಲ.

ನಾನು ಆಸ್ಪತ್ರೆಗೆ ಓಡಿ ಬಂದಾಗ ಡಾಕ್ಟರು ಮಣಿಕಟ್ಟಿನವರೆಗೆ ಕತ್ತರಿಸಿ ಆಗಿತ್ತು. ಇಪ್ಪತ್ತಾರು ವರ್ಷದ ಹುಡುಗ. ಮದುವೆಯಾಗಿರಲಿಲ್ಲ. ನನ್ನ ಗಂಡ ಮುಂಬಯಿಯ ಖಾನಾವಳಿಯೊಂದರಲ್ಲಿ ದುಡಿಯುತ್ತಿದ್ದ. ವರ್ಷಕ್ಕೊಮ್ಮೆ ಸ್ಟೀಮರಿನಲ್ಲಿ ಬಂದು ಮಕ್ಕಳ ತಲೆ ಸವರಿ ಹೋಗುತ್ತಿದ್ದ, ಅಷ್ಟೆ. ನಮ್ಮಲ್ಲಿ ಅಳಿಯಕಟ್ಟು, ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ. ನನ್ನ ಮಕ್ಕಳಿಗೆ ಅನ್ನ ಹಾಕುವವನು ಅವರ ಮಾವ, ಬೋಜ. ಅವನ ಕೈ ಎಂದರೆ ನಮ್ಮ ಮನೆಯ ಕೈ.

ಐದನೆಯ ದಿನಕ್ಕೆ ಗಾಯ ಕೀವಾಯಿತು, ಜ್ವರ ಏರಿತು. ಅವನು ಯಾರನ್ನೂ ಗುರುತಿಸದಾದ. ನಮ್ಮ ಅಮ್ಮ ದೇಯಿ ಹಾಸಿಗೆಯ ಬುಡದಲ್ಲಿ ಕುಳಿತು, "ಇದು ಬರೀ ಗಾಯ ಅಲ್ಲ ಮಗಳೇ. ಗುಳಿಗನಿಗೆ ನಮ್ಮಿಂದ ಎಂತದೋ ತಪ್ಪಾಗಿದೆ. ಹೋಗಿ ತಪ್ಪುಕಾಣಿಕೆ ಇಟ್ಟು ಬಾ" ಅಂದಳು.

ಕಾರ್ಖಾನೆಯ ಗೇಟಿನ ಪಕ್ಕ ಹಾಲೆಮರದ ಕೆಳಗೆ ಗುಳಿಗ ದೈವದ ಕಟ್ಟೆ ಉಂಟು. ಕೆಲಸಕ್ಕೆ ಹೋಗುವವರು ಅಲ್ಲಿ ಕೈಮುಗಿದೇ ಒಳಗೆ ಹೋಗುವುದು. ಅದನ್ನು ನೋಡಿಕೊಳ್ಳುತ್ತಿದ್ದವರು ಗುರಿಕಾರ ಮಾಯಿಲಪ್ಪಣ್ಣ. ಅರುವತ್ತು ದಾಟಿದ ಮನುಷ್ಯ. ತೆಂಗಿನ ಮರ ಹತ್ತುತ್ತಿದ್ದವರು, ಮೊಣಕಾಲು ಹೋದ ಮೇಲೆ ಕೂತು ಗರಿ ಹೆಣೆಯುತ್ತಿದ್ದರು. ತಪ್ಪುಕಾಣಿಕೆ ಇಡುವ ಕ್ರಮ ಸುಲಭ. ವೀಳ್ಯದೆಲೆಯ ಮೇಲೆ ಒಂದು ನಾಣ್ಯ ಇಟ್ಟು ಕೈಮುಗಿದು ನಿಲ್ಲುವುದು. "ತಿಳಿದೋ ತಿಳಿಯದೆಯೋ ಈ ಮನೆಯಿಂದ ತಪ್ಪಾಗಿದ್ದರೆ ಒಪ್ಪಿಸಿಕೊಂಡು ಕಾಪಾಡು" ಎಂದು ಗುರಿಕಾರರು ಹೇಳುವುದು. ಎಂತ ತಪ್ಪು, ಯಾರ ತಪ್ಪು ಎಂದು ಅವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹೇಳಬಾರದು ಎಂದೇ ಕ್ರಮ.

ನನಗೆ ಕ್ರಮ ಗೊತ್ತಿರಲಿಲ್ಲ ಎಂದಲ್ಲ. ತಮ್ಮ ಸಾಯುತ್ತಿದ್ದ. ಇದ್ದದ್ದು ಇಲ್ಲದ್ದೆಲ್ಲ ಒಪ್ಪಿಕೊಂಡುಬಿಟ್ಟರೆ ಗುಳಿಗನಿಗೆ ಮತ್ತೆ ಹೇಳಲು ಎಂತ ಉಳಿಯುತ್ತದೆ ಎಂದು ನನ್ನ ಲೆಕ್ಕ. ದೈವದ ಹತ್ತಿರ ಮೀನು ಮಾರ್ಕೆಟ್ಟಿನ ಚೌಕಾಸಿಗೆ ನಿಂತೆ. ಅಂದು ಸಂಕ್ರಮಣ; ಕಟ್ಟೆಯ ಸುತ್ತ ಜನ. ಮಾಯಿಲಪ್ಪಣ್ಣ ಬಾಯಿ ತೆರೆಯುವ ಮೊದಲೇ ನಾನು ಗಂಟಲು ಹರಿಯುವ ಹಾಗೆ ಕೂಗಿದೆ: "ಸ್ವಾಮೀ, ನನ್ನ ತಮ್ಮನದೇ ತಪ್ಪು! ಹೇಳಿದ ಮಾತು ಕೇಳದೆ ಓಡುವ ಪ್ರೆಸ್ಸಿಗೆ ಕೈ ಹಾಕಿದ್ದಾನೆ. ಕೈ ನೀನು ತಕ್ಕೊಂಡೆ, ಆಯ್ತು. ಜೀವ ಒಂದು ಬಿಡು!"

ಓಡುವ ಪ್ರೆಸ್ಸಿಗೆ ಕೈ ಹಾಕಿದ ಎಂದು ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ. ನಾನೇ ಕಟ್ಟಿದ್ದು. ಮಾಯಿಲಪ್ಪಣ್ಣ ನನ್ನ ಮುಖ ನೋಡಿದರು, ಬಾಯಿ ಅರ್ಧ ತೆರೆದರು, ಮತ್ತೆ ಮುಚ್ಚಿ ನಾಣ್ಯವನ್ನು ಎತ್ತಿಕೊಂಡರು. ಗೇಟಿನ ಹತ್ತಿರ ಕಾರ್ಖಾನೆಯ ಲೆಕ್ಕ ಬರೆಯುವ ರೈಟರು ಎಡ್ವಿನ್ ಸೈಕಲ್ಲು ಹಿಡಿದು ನಿಂತಿದ್ದರು. ನನ್ನ ಮಾತು ಅವರಿಗೆ ಕೇಳಿತು. ದೂರದ ಬೋಳೂರಿನವರೆಗೆ ಕೇಳಿರಬೇಕು.

ಮೂರು ದಿನದಲ್ಲಿ ಜ್ವರ ಇಳಿಯಿತು. ಬೋಜ ಕಣ್ಣು ಬಿಟ್ಟು ಗಂಜಿ ಕೇಳಿದ. ನಾನು ಅವನಿಗೆ ಎಲ್ಲ ಹೇಳಿದೆ, ಹೆಮ್ಮೆಯಿಂದಲೇ ಹೇಳಿದೆ. ಅವನು ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟ.

"ಹಾಗಾದ್ರೆ ನೀನು ಒಪ್ಪಿದ್ದಕ್ಕೆ ಗುಳಿಗ ನನ್ನನ್ನು ಬಿಟ್ಟದ್ದು, ಅಲ್ವಾ ಅಕ್ಕ?" ಎಂದ.

"ಮತ್ತೆ?" ಅಂದೆ.

ಅವನು ಮನೆಗೆ ಬಂದ ಮರುದಿನ ಕಾರ್ಖಾನೆಯ ದಣಿಗಳು ಒಂದು ಮುಡಿ ಅಕ್ಕಿ ಕಳಿಸಿದರು. ಅಕ್ಕಿಯ ಜೊತೆಗೆ ರೈಟರು ಎಡ್ವಿನ್ ಒಂದು ಕಾಗದ ತಂದರು. ಬೋಜನಿಗೆ ಗೇಟಿನ ಕಾವಲಿನ ಕೆಲಸ ಕೊಡುತ್ತಾರಂತೆ, ಅವನು ಎಡಗೈ ಹೆಬ್ಬೆಟ್ಟು ಒತ್ತಿದರೆ ಸಾಕಂತೆ. ನಾನು ಕಾಗದ ಕಸಿದುಕೊಂಡು ಓದಿದೆ. ಗಾಯಕ್ಕೆ ಕಾರ್ಖಾನೆ ಜವಾಬ್ದಾರಿಯಲ್ಲ, ಇನ್ನು ಮುಂದೆ ಏನೂ ಕೇಳುವುದಿಲ್ಲ ಎಂದು ಬರೆದಿತ್ತು.

"ಕಳ್ಳ ಬಂದ್ರೆ ಇವ ಯಾವ ಕೈಯಲ್ಲಿ ಹಿಡಿಯುವುದು ರೈಟರೇ?" ಅಂದೆ. "ಅಕ್ಕಿ ಇರ್ಲಿ. ಕಾಗದ ತಕ್ಕೊಂಡು ಹೋಗಿ."

ಬೋಜ ನನ್ನನ್ನೇ ಬೈದ. ಉಂಡ ಮನೆಗೆ ಎರಡು ಬಗೆಯಬಾರದಂತೆ. ಎಂಟು ವರ್ಷ ಅನ್ನ ಕೊಟ್ಟ ದಣಿಗಳಂತೆ. ನನಗೆ ಮೈ ಉರಿಯಿತು. ಎಂಟು ವರ್ಷ ಹಂಚು ಒತ್ತಿದ್ದು ಯಾರು, ದಣಿಗಳೋ?

ಅದೇ ವಾರ ಪ್ರೆಸ್ಸಿನ ಮೇಸ್ತ್ರಿ, ಕ್ರಿಸ್ತಾನರಾದ ಲಿಗೋರಿ ಪೊರ್ಬುಗಳು, ಜೆಪ್ಪುವಿನ ಇಗರ್ಜಿಯಿಂದ ಹಿಂದಿರುಗುವಾಗ ನಮ್ಮ ಅಂಗಳಕ್ಕೆ ಬಂದರು. ಅತ್ತಿತ್ತ ನೋಡಿ ಸ್ವರ ತಗ್ಗಿಸಿದರು. "ವಾರಿಜಾಕ್ಷೀ, ಸರಕಾರದ ಒಂದು ಕಾಯಿದೆ ಉಂಟು. ಕೆಲಸದಲ್ಲಿ ಕೈಕಾಲು ಹೋದ್ರೆ ದಣಿ ಪರಿಹಾರ ಕೊಡ್ಬೇಕು. ದಾನ ಅಲ್ಲ, ಹಕ್ಕು. ಆದ್ರೆ ಆರು ತಿಂಗಳೊಳಗೆ ಅರ್ಜಿ ಹಾಕ್ಬೇಕು. ಚಕ್ರಪಾಣಿ ರಾಯರ ಹತ್ರ ಹೋಗು. ನಾನು ಹೇಳಿದ್ದೂಂತ ಹೇಳ್ಬೇಡ ಮಾರಾಯ್ತಿ, ನನಗೆ ಐದು ಮಕ್ಕಳು."

ಈ ಉಪಕಾರಕ್ಕೆ ಲಿಗೋರಿ ಪೊರ್ಬುಗಳ ಹೆಸರನ್ನು ನಾನು ದಿನಾ ನೆನೆಯುತ್ತೇನೆ. ಅವರು ಈಗ ತೀರಿಕೊಂಡಿದ್ದಾರೆ, ಆದ್ದರಿಂದ ಹೇಳಿದರೆ ತೊಂದರೆಯಿಲ್ಲ.

ಬೋಜನನ್ನು ಒಪ್ಪಿಸಲು ನನಗೆ ಮಳೆಗಾಲವೇ ಬೇಕಾಯಿತು. ಒಪ್ಪಿಸಿದ್ದು ನಾನಲ್ಲ, ಹಸಿವು. ಆಟಿ ತಿಂಗಳಲ್ಲಿ ಗೇರುಬೀಜದ ಕೆಲಸ ನಿಂತಿತು. ನನ್ನ ಸಣ್ಣ ಮಗಳು ಗಂಜಿಯ ತಿಳಿ ಕುಡಿದು ಮಾವನ ಮುಖ ನೋಡಿದಳು. ಮರುದಿನ ಬೆಳಗ್ಗೆ ಅವನೇ ಅಂಗಿ ಹಾಕಿಸಿಕೊಂಡು, "ಆ ರಾಯರ ಮನೆ ಎಲ್ಲಿ?" ಎಂದ.

ವಕೀಲರಾದ ಚಕ್ರಪಾಣಿ ರಾಯರದ್ದು ಕೊಡಿಯಾಲಬೈಲಿನಲ್ಲಿ ಮನೆ. ಸಣ್ಣ ಆಳು, ದೊಡ್ಡ ಮೂಗು, ಯಾವಾಗಲೂ ನಶ್ಯ. ನಾವು ಅಂಗಳದಲ್ಲಿ ನಿಂತಿದ್ದೆವು. ಅವರು ಬೋಜನ ತೋಳನ್ನು ನೋಡಿ, "ಜಗಲಿಗೆ ಬಂದು ಕೂತುಕೋ, ನಿಂತು ಎಂತ ಮಾಡ್ತೀ?" ಅಂದರು. ನಮ್ಮಂಥವರನ್ನು ಆ ಜಗಲಿಯಲ್ಲಿ ಕೂರಿಸಿದ್ದು ಅದೇ ಮೊದಲಿರಬೇಕು. ಒಳಗಿನಿಂದ ಅವರ ಹೆಂಡತಿ ಇಣುಕಿ ನೋಡಿದರು.

"ಫೀಸು ಎಷ್ಟು ಸ್ವಾಮೀ?" ಅಂದೆ.

"ಗೆದ್ರೆ ಎರಡು ತೆಂಗಿನಕಾಯಿ. ಸೋತ್ರೆ ನೀನು ನನಗೆ ಬಯ್ಯಬಾರದು. ನಿನ್ನ ಬಾಯಿಯ ವಿಷಯ ನಾನು ಕೇಳಿದ್ದೇನೆ."

ಆಟಿ ಕಳೆದು ಸೋಣ ತಿಂಗಳಲ್ಲಿ, ಗಡುವಿಗೆ ಹನ್ನೊಂದು ದಿನ ಉಳಿದಿರುವಾಗ, ಅರ್ಜಿ ಮದರಾಸಿನ ಕಮಿಶನರರಿಗೆ ಹೋಯಿತು. ಬೋಜನ ಎಡಗೈಯ ಹೆಬ್ಬೆಟ್ಟು ಅದರ ಕೆಳಗಿತ್ತು. ಒಂದು ತಿಂಗಳ ಮೇಲೆ ರಾಯರು ನಮ್ಮನ್ನು ಕರೆಸಿದರು. ಕಾರ್ಖಾನೆಯ ಉತ್ತರ ಬಂದಿತ್ತು. ರಾಯರು ನಶ್ಯ ಏರಿಸುವುದನ್ನೂ ಮರೆತು ನನ್ನನ್ನು ನೋಡಿದರು.

"ಪ್ರೆಸ್ಸು ನಿಂತ ಮೇಲೆಯೇ ಕೈ ಹಾಕ್ಬೇಕು ಅಂತ ಕಾರ್ಖಾನೆಯಲ್ಲಿ ಬೋರ್ಡು ಉಂಟು. ಬೇಕೂಂತಲೇ ಅದನ್ನು ಮೀರಿದವನಿಗೆ ಪರಿಹಾರ ಇಲ್ಲ, ಕಾಯಿದೆ ಹಾಗೆ ಹೇಳ್ತದೆ. ಇವ ಬೇಕೂಂತಲೇ ಮೀರಿದ್ದಾನೆ, ಇವನ ಅಕ್ಕನೇ ಗುಳಿಗನ ಕಟ್ಟೆಯಲ್ಲಿ ನೂರು ಜನರ ಎದುರು ಒಪ್ಪಿದ್ದಾಳೆ ಅಂತ ಬರೆದಿದ್ದಾರೆ. ನೀನು ಹಾಗೆ ಹೇಳಿದ್ದು ಹೌದಾ?"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಹೌದು" ಅಂದೆ.

"ನಿಜವಾಗಿ ಆದದ್ದು ಎಂತ?" ರಾಯರು ಬೋಜನ ಕಡೆ ತಿರುಗಿದರು.

ಅವನು ಅಂದು ಮೊದಲ ಸಲ ಹೇಳಿದ. ಬೆಲ್ಟನ್ನು ತಪ್ಪಿಸಿ ಪ್ರೆಸ್ಸು ನಿಲ್ಲಿಸುವ ಹಿಡಿ ಎರಡು ತಿಂಗಳಿಂದ ಸಡಿಲವಾಗಿತ್ತು. ನಿಲ್ಲಿಸಿದರೂ ಒಮ್ಮೊಮ್ಮೆ ಬೆಲ್ಟು ತಾನಾಗಿ ಜಾರಿ ಅಚ್ಚು ಇಳಿಯುತ್ತಿತ್ತು. ಅಂದು ಅವನು ನಿಲ್ಲಿಸಿಯೇ ಕೈ ಹಾಕಿದ್ದ.

"ಅಷ್ಟೇ ಸಾಕು! ಕೋರ್ಟು ಕಚೇರಿಯಲ್ಲಿ ಅದನ್ನೇ ಹೇಳು. ಅಕ್ಕ ಹೆದರಿ ಬಾಯಿಗೆ ಬಂದದ್ದು ಹೇಳಿದ್ದು, ತಪ್ಪು ನನ್ನದಲ್ಲ ಅನ್ನು."

ಬೋಜ ತಲೆ ಅಲ್ಲಾಡಿಸಿದ. "ಅದು ಆಗುದಿಲ್ಲ ರಾಯರೇ. ನನ್ನ ಜೀವ ಉಳಿದದ್ದು ಅಕ್ಕ ಹಾಗೆ ಒಪ್ಪಿದ್ದಕ್ಕೆ. ಈಗ ಹಣಕ್ಕಾಗಿ ಇಲ್ಲ ಅಂದ್ರೆ ಗುಳಿಗನಿಗೆ ಮೋಸ ಮಾಡಿದ ಹಾಗೆ. ಆದದ್ದು ಹೇಳ್ತೇನೆ. ತಪ್ಪು ನನ್ನದಲ್ಲ ಅಂತ ಮಾತ್ರ ಹೇಳ್ಲಿಕ್ಕೆ ಇಲ್ಲ."

ನಾನು ಬೈದೆ, ಅತ್ತೆ, ಕಾಲಿಗೂ ಬಿದ್ದೆ. ಅಮ್ಮ ಅವನ ಪಕ್ಷ. ದೈವದ ಎದುರು ಆಡಿದ ಮಾತನ್ನು ಹಿಂದೆ ತೆಗೆದರೆ ಇನ್ನೊಂದು ಕೈಯೂ ಹೋದೀತು ಎಂದು ಅವಳ ಹೆದರಿಕೆ. ನನ್ನ ಸುಳ್ಳನ್ನು ನನ್ನ ತಮ್ಮ ಸತ್ಯದ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದ. ನಾನು ಅದನ್ನು ನೋಡುತ್ತ ಇರಬೇಕಾಯಿತು.

ಸಾಕ್ಷಿಯನ್ನು ಮಂಗಳೂರಿನಲ್ಲಿಯೇ ತೆಗೆದುಕೊಳ್ಳಲಿ ಎಂದು ಮದರಾಸಿನಿಂದ ಅಪ್ಪಣೆ ಬಂತು. ಚಳಿ ಹಿಡಿದ ಜಾರ್ದೆ ತಿಂಗಳ ಒಂದು ಬುಧವಾರ. ಜಡ್ಜಿಯವರು ತಮಿಳಿನವರು, ನರೆತ ತಲೆ, ಕನ್ನಡವನ್ನು ಪುಸ್ತಕದಿಂದ ಕಲಿತು ಪುಸ್ತಕದ ಹಾಗೆಯೇ ಮಾತಾಡುತ್ತಿದ್ದರು. ಎದುರು ಬೆಂಚಿನಲ್ಲಿ ದಣಿಗಳು ಜರಿಯ ಪೇಟ ಸುತ್ತಿ ಕೂತಿದ್ದರು. ನಾನು ಅವರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹುಲಿಯಂತಿರಬಹುದು ಎಂದುಕೊಂಡಿದ್ದೆ. ನಿದ್ದೆಗೆಟ್ಟ ಸಾದಾ ಮನುಷ್ಯ.

ಬೋಜ ನಡೆದದ್ದನ್ನೆಲ್ಲ ಹೇಳಿದ: ಸಡಿಲವಾದ ಹಿಡಿ, ನಿಲ್ಲಿಸಿದ್ದು, ಅಚ್ಚು ತಾನಾಗಿ ಇಳಿದದ್ದು. ಕಾರ್ಖಾನೆಯ ವಕೀಲರು ಎದ್ದು ಒಂದೇ ಪ್ರಶ್ನೆ ಹಾಕಿದರು. "ಹಾಗಾದರೆ ಈ ಅಪಘಾತದಲ್ಲಿ ನಿನ್ನ ತಪ್ಪು ಇಲ್ಲವೋ?"

"ಉಂಟು" ಎಂದ ಬೋಜ.

"ಯಾವ ತಪ್ಪು?" ಜಡ್ಜಿಯವರು ಕನ್ನಡಕ ತೆಗೆದರು. "ನೀನು ಯಂತ್ರವನ್ನು ನಿಲ್ಲಿಸಿದೆನೆಂದು ಈಗ ತಾನೇ ಹೇಳಿದೆಯಲ್ಲ?"

"ನಿಲ್ಲಿಸಿದ್ದೇನೆ ಸ್ವಾಮೀ. ಆದ್ರೆ ತಪ್ಪು ನನ್ನದೇ. ಅಕ್ಕ ಗುಳಿಗನ ಎದುರು ಹೇಳಿ ಆಗಿದೆ."

ಯಾರೋ ನಕ್ಕರು. ರಾಯರು ಹಣೆಗೆ ಕೈ ಹಚ್ಚಿ ಕೂತರು. ಆಮೇಲೆ ರೈಟರು ಎಡ್ವಿನ್ ತಾನು ಕೇಳಿದ್ದನ್ನು ಹೇಳಿದರು. ಒಂದು ಅಕ್ಷರ ಹೆಚ್ಚು ಕಡಿಮೆ ಮಾಡಲಿಲ್ಲ, ಪಾಪ. ಅಷ್ಟೂ ನನ್ನದೇ ಮಾತು. ಆ ಮಾತು ಇಂಗ್ಲಿಷಿನಲ್ಲಿ ಟಪಟಪ ಟೈಪಾಗುವುದನ್ನು ನೋಡುತ್ತ, ನಾಲಗೆಯನ್ನು ಕಚ್ಚಿ ತುಂಡು ಮಾಡಿಕೊಳ್ಳುವಷ್ಟು ಸಿಟ್ಟು ನನಗೆ ನನ್ನ ಮೇಲೆಯೇ ಬಂತು. ಮನೆಗೆ ಹೋಗಿ ಮಕ್ಕಳಿಗೆ ಎಂತ ಹೇಳುವುದು ಎಂದು ಯೋಚಿಸುತ್ತಿದ್ದೆ.

ಕೊನೆಯ ಸಾಕ್ಷಿಯಾಗಿ ಕಾರ್ಖಾನೆಯವರು ಕರೆಸಿದ್ದು ಗುರಿಕಾರ ಮಾಯಿಲಪ್ಪಣ್ಣನನ್ನು. ಕಾಣಿಕೆ ತೆಗೆದುಕೊಂಡವರು ಅವರೇ ತಾನೆ. ಅವರ ಮನೆ ನಿಂತ ನೆಲ ದಣಿಗಳದ್ದು, ಅವರ ಮಗನಿಗೆ ಕೆಲಸ ಒಲೆಯಲ್ಲಿ, ಹಂಚು ಸುಡುವಲ್ಲಿ. ಅವರು ಬಿಳಿ ಮುಂಡು ಉಟ್ಟು, ಹೆಗಲಿನ ಬೈರಾಸು ವಸ್ತ್ರವನ್ನು ಕಂಕುಳಿಗೆ ಸೇರಿಸಿ, ಮೊಣಕಾಲು ಎಳೆಯುತ್ತ ಬಂದು ನಿಂತರು.

"ಈ ಹೆಂಗಸು ತಮ್ಮನ ಹೆಸರಿನಲ್ಲಿ ತಪ್ಪುಕಾಣಿಕೆ ಇಟ್ಟದ್ದು ಹೌದೋ?" ಎಂದು ಕಾರ್ಖಾನೆಯ ವಕೀಲರು.

"ಹೌದು."

"ತಪ್ಪು ತಮ್ಮನದು ಎಂದು ಹೇಳಿದಳೋ?"

"ಹೇಳಿದಳು."

ವಕೀಲರು ಕೂತರು. ರಾಯರು ಎದ್ದು, ಕಾಣಿಕೆ ಇಡುವವರು ಸಾಮಾನ್ಯವಾಗಿ ಏನು ಹೇಳುತ್ತಾರೆ ಎಂದು ಕೇಳಿದರು. ಏನೂ ಹೇಳುವುದಿಲ್ಲ, ತಿಳಿದೋ ತಿಳಿಯದೆಯೋ ಎಂದು ಮಾತ್ರ ತಾನು ಹೇಳುವುದು ಎಂದರು ಮಾಯಿಲಪ್ಪಣ್ಣ. ರಾಯರಿಗೆ ಅದಕ್ಕಿಂತ ಹೆಚ್ಚು ತೋಚಲಿಲ್ಲ. ಅವರೂ ಕೂತರು.

ಜಡ್ಜಿಯವರಿಗೆ ಮಾತ್ರ ವಿಷಯದಲ್ಲಿ ಆಸಕ್ತಿ ಹುಟ್ಟಿತ್ತು. ಅವರ ಊರಿನಲ್ಲಿ ಇಂಥ ಕ್ರಮ ಇಲ್ಲವೇನೋ. ಮುಂದಕ್ಕೆ ಬಾಗಿ ಕೇಳಿದರು: "ಒಂದು ಕೇಡು ಸಂಭವಿಸಿದರೆ ಒಬ್ಬರು ಮಾತ್ರ ಕಾಣಿಕೆ ಇಡುತ್ತಾರೆಯೋ, ಅಥವಾ ಹಲವರು ಇಡುವುದುಂಟೋ?"

"ಮನಸ್ಸಿಗೆ ಹೆದರಿಕೆ ಇದ್ದವರು ಇಡ್ತಾರೆ ಸ್ವಾಮೀ."

"ಈ ಅಪಘಾತದ ವಿಷಯದಲ್ಲಿ ಬೇರೆ ಯಾರಾದರೂ ಇಟ್ಟಿದ್ದಾರೆಯೋ?"

ಮಾಯಿಲಪ್ಪಣ್ಣ ಬೈರಾಸನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಸಾಗಿಸಿದರು. ಹೊರಗೆ ಜಟಕಾದವನೊಬ್ಬ ಕುದುರೆಗೆ ಬಯ್ಯುತ್ತಿದ್ದದ್ದು ಒಳಗೆ ಕೇಳುತ್ತಿತ್ತು. ಜಡ್ಜಿಯವರು ಮತ್ತೊಮ್ಮೆ ಕೇಳಿದರು.

"ಇಟ್ಟಿದ್ದಾರೆ" ಎಂದರು ಮಾಯಿಲಪ್ಪಣ್ಣ.

"ಯಾರು?"

"ಅದನ್ನು ಹೇಳುವ ಕ್ರಮ ಇಲ್ಲ ಸ್ವಾಮೀ."

"ಇದು ನ್ಯಾಯಸ್ಥಾನ. ಇಲ್ಲಿ ನೀವು ಪ್ರಮಾಣ ಮಾಡಿದ್ದೀರಿ."

ಮಾಯಿಲಪ್ಪಣ್ಣ ಒಮ್ಮೆ ನನ್ನನ್ನು, ಒಮ್ಮೆ ಬೋಜನ ತೋಳನ್ನು ನೋಡಿದರು. ಆಮೇಲೆ ಯಾರನ್ನೂ ನೋಡದೆ ಹೇಳಿದರು: "ದಣಿಗಳು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದಣಿಗಳ ಕೈ ತನ್ನಷ್ಟಕ್ಕೆ ಪೇಟಕ್ಕೆ ಹೋಯಿತು. ಅವರ ವಕೀಲರು ಎದ್ದು ಇಂಗ್ಲಿಷಿನಲ್ಲಿ ಕೂಗಾಡಿದರು. ರಾಯರು ಕುರ್ಚಿಯ ತುದಿಗೆ ಬಂದರು. ಜಡ್ಜಿಯವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ದಣಿಗಳನ್ನೇ ಕೇಳಿದರು: "ಈತ ಹೇಳುವುದು ನಿಜವೋ?"

ಇಲ್ಲ ಅನ್ನಬಹುದಿತ್ತು. ನಾಲ್ಕು ಕಾರ್ಖಾನೆ ಇದ್ದ ದಣಿಗಳ ಮಾತಿನ ಎದುರು ಗರಿ ಹೆಣೆಯುವ ಮುದುಕನ ಮಾತು ಯಾವ ಲೆಕ್ಕ? ಅವರ ವಕೀಲರು ಕಣ್ಣಿನಲ್ಲಿಯೇ ಇಲ್ಲ ಅನ್ನಿ ಎನ್ನುತ್ತಿದ್ದರು. ದಣಿಗಳು ಪೇಟ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

"ಗುಳಿಗನ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ" ಎಂದರು. "ಇಟ್ಟಿದ್ದೇನೆ. ಹಿಡಿ ಸಡಿಲ ಉಂಟೂಂತ ಮೇಸ್ತ್ರಿ ಎರಡು ಸಲ ಹೇಳಿದ್ದ. ಮಳೆ ಹಿಡಿಯುವ ಮೊದಲು ಹಡಗಿಗೆ ಹಂಚು ತುಂಬಿಸ್ಬೇಕಿತ್ತು. ಪ್ರೆಸ್ಸು ನಿಲ್ಲಿಸ್ಬೇಡ ಅಂದದ್ದು ನಾನೇ."

ಆ ಕ್ಷಣ ನನಗೆ ದಣಿಗಳ ಮೇಲಿದ್ದ ಸಿಟ್ಟು ಇಳಿದುಹೋಯಿತು. ಪೂರ್ತಿ ಇಳಿಯಿತು ಎಂದರೆ ಸುಳ್ಳು, ಮುಕ್ಕಾಲು ಇಳಿಯಿತು. ನನ್ನ ತಮ್ಮನ ಕೈ ತಿಂದವರು ಅವರು. ಅವನ ಹಕ್ಕನ್ನು ಕೊಡಿಸಿದ್ದೂ ಅವರ ಬಾಯಿಯ ಆ ನಾಲ್ಕು ಮಾತು. ಎರಡನ್ನೂ ನಾನು ಮರೆಯುವುದಿಲ್ಲ.

ತೀರ್ಪು ನಮ್ಮ ಪರವಾಗಿ ಬಂದದ್ದು ಎರಡು ತಿಂಗಳ ಮೇಲೆ. ಪರಿಹಾರ ಎಷ್ಟು ಎಂದು ಕೇಳಬೇಡಿ. ನನ್ನ ಮಕ್ಕಳು ಹೊಟ್ಟೆ ತುಂಬ ಉಂಡರು, ಬೋಜ ಹೊಯ್ಗೆಬಜಾರಿನಲ್ಲಿ ಒಂದು ಸಣ್ಣ ಅಂಗಡಿ ಹಾಕಿದ. ಗೋಲಿ ಸೋಡಾದ ಬಾಟ್ಲಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಎಡಗೈ ಹೆಬ್ಬೆರಳಿನಿಂದ ಡಬ್ ಎಂದು ಒಡೆಯುವುದನ್ನು ನೋಡಲಿಕ್ಕೆಂದೇ ಬಂದರಿನ ಖಲಾಸಿಗಳು ಬರುತ್ತಿದ್ದರು. ರಾಯರಿಗೆ ನಾನು ಎರಡು ತೆಂಗಿನಕಾಯಿಯ ಬದಲು ಒಂದು ಗೋಣಿ ತೆಗೆದುಕೊಂಡು ಹೋದೆ. ಅವರು ಎರಡೇ ಎರಡನ್ನು ಆರಿಸಿ ಅಲುಗಾಡಿಸಿ ನೋಡಿ ಇಟ್ಟುಕೊಂಡು, "ಗೆಲ್ಲಿಸಿದ್ದು ನಾನಲ್ಲ, ನನ್ನ ಪಾಲಿಗೆ ಇದೂ ಹೆಚ್ಚೇ" ಎಂದರು.

ಬೋಜ ಮಾತ್ರ ಮೊದಲಿನಂತಾಗಲಿಲ್ಲ. ಅಂಗಡಿಗೆ ಹೋಗುವಾಗ ಕಟ್ಟೆಯ ದಾರಿ ಬಿಟ್ಟು ಹೊಳೆಯ ಬದಿಯಿಂದ ಸುತ್ತಿ ಹೋಗುತ್ತಿದ್ದ. "ಕಚೇರಿಯವರು ನನ್ನ ತಪ್ಪಲ್ಲ ಅಂದ್ರು. ಗುಳಿಗನ ಹತ್ರ ನಿನ್ನ ಮಾತು ಹಾಗೇ ಉಂಟಲ್ಲ ಅಕ್ಕ" ಎಂದ ಒಮ್ಮೆ.

ಮಾಯಿಲಪ್ಪಣ್ಣನೂ ಕಟ್ಟೆಗೆ ಬರುವುದನ್ನು ಬಿಟ್ಟಿದ್ದಾರೆ, ಮಗ ಬಂದು ದೀಪ ಹಚ್ಚುತ್ತಾನೆ ಎಂದು ಜನ ಹೇಳಿದರು. ದಣಿಗಳು ಹೆದರಿಸಿರಬೇಕು ಎಂದುಕೊಂಡು, ಒಂದು ಗೊನೆ ಕದಳಿ ಬಾಳೆಹಣ್ಣು, ಒಂದು ಹೊಸ ಮುಂಡು ಹಿಡಿದು ಅವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಕಾಲು ನೀಡಿ ಕೂತು ಗರಿ ಹೆಣೆಯುತ್ತಿದ್ದರು. ನಾನು ಮುಂಡನ್ನು ಎದುರಿಗಿಟ್ಟು ಕಾಲು ಮುಟ್ಟಲು ಬಾಗಿದೆ. ಅವರು ಕಾಲನ್ನು ಹಿಂದಕ್ಕೆಳೆದುಕೊಂಡರು.

"ನನಗೆ ಎಂತಕ್ಕೆ ಇದೆಲ್ಲ ವಾರಿಜಾ?"

"ನೀವು ಸತ್ಯ ಹೇಳಿದ್ದಕ್ಕೆ ನಮಗೆ ಅನ್ನ ಸಿಕ್ಕಿತು ಮಾಯಿಲಪ್ಪಣ್ಣ. ದಣಿಗಳು ಎಂತಾದ್ರೂ ಮಾಡಿದ್ರಾ?"

"ದಣಿಗಳು ಎಂತ ಮಾಡಿಯಾರು? ಕಚೇರಿಯ ಮರುದಿನವೇ ಹಿಡಿ ರಿಪೇರಿ ಮಾಡಿಸಿದ್ರು." ಅವರು ಗರಿಯನ್ನು ಕೆಳಗಿಟ್ಟರು. "ನಾನು ಕಟ್ಟೆಗೆ ಹೋಗ್ಲಿಕ್ಕೆ ನಾಚಿಕೆಯಾಗಿ ಹೋಗುದಿಲ್ಲ. ಆ ಸಂಕ್ರಮಣದ ದಿನ ನೀನು ಬಂದದ್ದು ಎಷ್ಟು ಹೊತ್ತಿಗೆ?"

"ಬಿಸಿಲು ಏರಿತ್ತು."

"ದಣಿಗಳು ಬಂದದ್ದು ಬೆಳಗ್ಗೆ, ಯಾರೂ ಇಲ್ಲದಾಗ. ನನ್ನ ಎದುರೇ ಕಣ್ಣೀರು ಹಾಕಿದ್ರು. ಅವರ ನಾಣ್ಯ ಎಲೆಯ ಮೇಲೆ ಇರುವಾಗಲೇ ನೀನು ಬಂದೆ. ತಮ್ಮನದೇ ತಪ್ಪು ಅಂತ ಕೂಗಿದೆ. ಅಲ್ಲ ಮಗಳೇ, ಸುಮ್ಮನಿರು ಅಂತ ನಾನು ಹೇಳ್ಬೇಕಿತ್ತು. ಬಾಯಿ ತೆರೆದೆ ಸಹ. ಜಾಗ ದಣಿಗಳದ್ದು, ಮಗ ಅವರ ಒಲೆಯಲ್ಲಿ. ಬಾಯಿ ಮುಚ್ಚಿದೆ." ಅವರು ಮುಂಡನ್ನು ನನ್ನ ಕಡೆ ಸರಿಸಿದರು. "ಒಂದು ತಪ್ಪಿಗೆ ಎರಡು ಕಾಣಿಕೆ ತಕ್ಕೊಂಡವ ನಾನು. ತಪ್ಪು ಮಾಡಿದವರದ್ದು ಒಂದು, ಕೈ ಕಳಕೊಂಡವನದ್ದು ಒಂದು. ಕಚೇರಿಯಲ್ಲಿ ಹೇಳಿದ್ದು ಧೈರ್ಯದಿಂದ ಅಲ್ಲ ಮಾರಾಯ್ತಿ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಆಗ್ಲಿಲ್ಲ."

ನನಗೆ ಬಯ್ಯಲು ಇದಕ್ಕಿಂತ ಒಳ್ಳೆಯ ಅವಕಾಶ ಜನ್ಮದಲ್ಲಿ ಸಿಕ್ಕಿರಲಿಲ್ಲ. ಬೈಗುಳ ಬರಲಿಲ್ಲ. ಆ ಮುದುಕ ಹೇಳದೆಯೂ ಇರಬಹುದಿತ್ತಲ್ಲ, ನನಗೆ ಹೇಗೆ ಗೊತ್ತಾಗುತ್ತಿತ್ತು? ನಾನು ಅವರ ಎದುರು ನೆಲದಲ್ಲಿ ಕೂತು, ಬೋಜ ಕಟ್ಟೆಯ ದಾರಿ ತಪ್ಪಿಸಿ ನಡೆಯುವುದನ್ನು ಹೇಳಿದೆ. ಅವರು ಕೇಳುತ್ತ ಕೇಳುತ್ತ ನಾನು ತಂದ ಮುಂಡನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

"ಬರುವ ಸಂಕ್ರಮಣಕ್ಕೆ ಅವನನ್ನು ಕರೆದುಕೊಂಡು ಬಾ" ಎಂದರು. "ಯಾರೂ ಇಲ್ಲದಾಗ ಅಲ್ಲ. ಬಿಸಿಲು ಏರಿದ ಮೇಲೆ, ಜನ ಇರುವಾಗ."

ಬೋಜನನ್ನು ನಾನು ಎಳೆದುಕೊಂಡೇ ಹೋಗಬೇಕಾಯಿತು. ಹಾಲೆಮರದ ಕೆಳಗೆ ಅಂದಿನಷ್ಟೇ ಜನ. ಮಾಯಿಲಪ್ಪಣ್ಣ ಹೊಸ ಮುಂಡು ಉಟ್ಟು ನಿಂತಿದ್ದರು. ಎಳನೀರಿನ ಬೊಂಡ ಇಟ್ಟು, ದೀಪ ಹಚ್ಚಿ, ಮೊದಲು ತನ್ನ ಸೊಂಟದಿಂದ ಒಂದು ನಾಣ್ಯ ತೆಗೆದು ಎಲೆಯ ಮೇಲೆ ಇಟ್ಟರು. ಹೇಳಬಾರದು ಎಂಬ ಕ್ರಮವನ್ನು ನಲುವತ್ತು ವರ್ಷ ಕಾಯ್ದ ಮನುಷ್ಯ ಅಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಗುಳಿಗಾ, ಈ ಹೆಂಗಸು ಅಂದು ಹೇಳಿದ್ದು ತಮ್ಮನ ಜೀವದ ಆಸೆಗೆ. ಆ ಮಾತನ್ನು ನೀನು ಇಟ್ಟುಕೊಳ್ಳಬೇಡ. ಈ ಹುಡುಗನಲ್ಲಿ ತಪ್ಪಿಲ್ಲ. ಗೊತ್ತಿದ್ದೂ ಸುಮ್ಮನಿದ್ದವ ನಾನು. ನನ್ನಲ್ಲಿ ತಪ್ಪುಂಟು."

ಅವರು ಬಾಳೆಲೆಯ ಚೂರಿನಲ್ಲಿದ್ದ ಗಂಧಪ್ರಸಾದವನ್ನು ಎತ್ತಿಕೊಂಡು ಬೋಜನ ಎದುರು ಬಂದರು. ಬೋಜ ಬಲತೋಳನ್ನು ಬೈರಾಸಿನ ಒಳಗೆ ಇನ್ನಷ್ಟು ಸರಿಸಿ, ನಾಚಿ ಎಡಗೈ ಚಾಚಿದ. ಮಾಯಿಲಪ್ಪಣ್ಣ ಪ್ರಸಾದ ಹಾಕದೆ ಕಾದರು.

"ಬಲಗೈ ನೀಡು ಬೋಜ" ಎಂದರು.

"ಅದು ಇಲ್ಲ ಅಲ್ವಾ, ಗುರಿಕಾರ್ರೇ."

"ಎಷ್ಟು ಉಂಟೋ ಅಷ್ಟು ನೀಡು."

ಅವನು ಬೈರಾಸನ್ನು ಸರಿಸಿ, ಒಂದು ವರ್ಷದಿಂದ ಬಟ್ಟೆಯೊಳಗೇ ಅಡಗಿಸಿದ್ದ ಆ ಮೋಟು ತೋಳನ್ನು ಮುಂದೆ ಚಾಚಿದ. ಮುದುಕ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮಾಗಿದ ಗಾಯದ ಮೇಲೆ ಗಂಧ ಹಚ್ಚಿದರು. ಕೈ ಕತ್ತರಿಸಿದಾಗ ಅಳದ, ಕಚೇರಿಯಲ್ಲಿ ಅಳದ ನನ್ನ ತಮ್ಮ ಅಷ್ಟು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತ. ನಾನು ಒಂದು ಮಾತೂ ಆಡದೆ ಅವನ ಪಕ್ಕ ನಿಂತಿದ್ದೆ.